ಎಂಟನೇ ತರಗತಿಯ ಜೂನ್ ತಿಂಗಳು

ನಮ್ಮ ರಾಜ್ಯದ ಸರ್ಕಾರಿ ಪ್ರೌಢಶಾಲೆಗಳು ಈಚಿನ ವರ್ಷಗಳಲ್ಲಿ ಮೇ ಕೊನೆಯ ವಾರದಲ್ಲೇ ಬಾಗಿಲು ತೆರೆಯುತ್ತಿವೆ. ಕೊಠಡಿ, ಅಡುಗೆಮನೆ, ನೀರಿನ ತೊಟ್ಟಿಗಳ ಸ್ವಚ್ಛತೆ ಮುಗಿದ ಮೇಲೆ ಬಾಗಿಲಿಗೆ ಮಾವಿನ ತೋರಣ ಕಟ್ಟಿ, ಬಿಸಿಯೂಟಕ್ಕೆ ಒಂದು ಸಿಹಿ ಮಾಡಿಸಿ ಪ್ರಾರಂಭೋತ್ಸವ ನಡೆಸುತ್ತೇವೆ. ಆ ಸಂಭ್ರಮದ ಬಗ್ಗೆ ನನಗೆ ತಕರಾರಿಲ್ಲ. ಆದರೆ ಕೊಪ್ಪಳ ಜಿಲ್ಲೆಯ ಹಳ್ಳಿಯೊಂದರಲ್ಲಿ ಗಣಿತ ಕಲಿಸುವ ನನ್ನ ಪಾಲಿಗೆ ವರ್ಷ ಶುರುವಾಗುವುದು, ಏಳನೇ ತರಗತಿ ಮುಗಿಸಿ ಸುತ್ತಲಿನ ಊರುಗಳಿಂದ ಬಂದ ಮಕ್ಕಳ ಮುಂದೆ ಸೇತುಬಂಧದ ಪ್ರಶ್ನೆಪತ್ರಿಕೆ ಇಟ್ಟಾಗ.

ಹಿಂದಿನ ತರಗತಿಗಳಲ್ಲಿ ಮಗು ಕಲಿತದ್ದೇನು, ಬಿಟ್ಟುಹೋದದ್ದೇನು ಎಂಬುದನ್ನು ನೈದಾನಿಕ ಪರೀಕ್ಷೆಯಿಂದ ತಿಳಿದು, ಬಿಟ್ಟುಹೋದದ್ದನ್ನು ಸುಮಾರು ಎರಡು ವಾರ ಪರಿಹಾರ ಬೋಧನೆಯಲ್ಲಿ ಕಲಿಸಿ, ಸಾಫಲ್ಯ ಪರೀಕ್ಷೆ ನಡೆಸಿದ ಬಳಿಕವೇ ಹೊಸ ಪಾಠಕ್ಕೆ ಕೈಹಾಕುವ ಕ್ರಮಕ್ಕೆ ಸೇತುಬಂಧ ಎನ್ನುತ್ತಾರೆ. ಇದಕ್ಕಿಂತ ವಿವೇಕದ ಯೋಜನೆ ನಮ್ಮ ಇಲಾಖೆಯಲ್ಲಿ ಇನ್ನೊಂದಿಲ್ಲ ಎಂದೇ ನಾನು ತಿಳಿದಿದ್ದೇನೆ. ನಡೆಯುವಾಗ ಮಾತ್ರ ಅದು ಅನೇಕ ಕಡೆ ದಾಖಲೆಯ ಕೆಲಸವಾಗಿಬಿಡುತ್ತದೆ. ಪ್ರಶ್ನೆಪತ್ರಿಕೆ, ವಿಶ್ಲೇಷಣಾ ನಮೂನೆ, ಕ್ರಿಯಾಯೋಜನೆ ಎಲ್ಲವೂ ಕಡತದಲ್ಲಿ ಅಚ್ಚುಕಟ್ಟಾಗಿ ಕೂತಿರುತ್ತವೆ. ಕೊನೆಯ ಬೆಂಚಿನ ಹುಡುಗ ಇದ್ದಲ್ಲೇ ಇರುತ್ತಾನೆ.

ಎಂಟನೇ ತರಗತಿಗೆ ಬರುವ ಕೆಲವು ಮಕ್ಕಳ ನೋಟ್‌ಬುಕ್ ಕಣ್ಣಿಗೆ ಹಬ್ಬ. ಅಕ್ಷರ ದುಂಡಗೆ, ಸಾಲು ನೇರ, ಶೀರ್ಷಿಕೆಯ ಕೆಳಗೆ ಸ್ಕೇಲಿಟ್ಟು ಎಳೆದ ಕೆಂಪು ಗೆರೆ. ಅದೇ ಪುಟವನ್ನು ಓದು ಎಂದರೆ ಮಗು ತಲೆ ತಗ್ಗಿಸುತ್ತದೆ. ಬೋರ್ಡಿನ ಮೇಲಿದ್ದುದನ್ನು ರಂಗೋಲಿ ನೋಡಿ ಹಾಕಿದ ಹಾಗೆ ಇಳಿಸಿಕೊಳ್ಳುವುದು ಅದಕ್ಕೆ ವರ್ಷಗಳಿಂದ ರೂಢಿಯಾಗಿದೆ. ಕಾಗುಣಿತದ ಮಟ್ಟಿಗೆ ಓದು ಹೇಗೋ ಸಾಗುತ್ತದೆ. ವಿಜ್ಞಾನದ ‘ದ್ಯುತಿಸಂಶ್ಲೇಷಣೆ’ಯಂಥ ಪದದಲ್ಲಿ ಒತ್ತಕ್ಷರ ಎದುರಾದೊಡನೆ ನಿಂತುಬಿಡುತ್ತದೆ. ಕೈಬರಹ ಚೆನ್ನಾಗಿದೆ ಎಂಬ ಕಾರಣಕ್ಕೇ ಇಂಥ ಮಗು ಏಳು ವರ್ಷ ಯಾರ ಕಣ್ಣಿಗೂ ಬಿದ್ದಿರುವುದಿಲ್ಲ. ಮನೆಯಲ್ಲಿ ಲಂಬಾಣಿ, ಉರ್ದು, ತೆಲುಗು ಆಡುವ ಮಕ್ಕಳಿಗೆ ಪಠ್ಯದ ಕನ್ನಡ ಇನ್ನಷ್ಟು ದೂರ. ಹಾಗೆ ನೋಡಿದರೆ ನಮ್ಮ ಭಾಗದ ಕನ್ನಡವನ್ನೇ ಆಡುವ ಮಕ್ಕಳಿಗೂ ಅದೇನು ಹತ್ತಿರದ್ದಲ್ಲ.

ಗಣಿತದಲ್ಲಿ ಇದನ್ನು ಗುರುತಿಸುವುದು ಇನ್ನೂ ಕಷ್ಟ. ರೈತನೊಬ್ಬ ತನ್ನ ಹೊಲದ ಮೂರನೇ ಒಂದು ಭಾಗದಲ್ಲಿ ಮೆಕ್ಕೆಜೋಳವನ್ನೂ ನಾಲ್ಕನೇ ಒಂದು ಭಾಗದಲ್ಲಿ ಸಜ್ಜೆಯನ್ನೂ ಬಿತ್ತಿದರೆ ಉಳಿದ ಭಾಗವೆಷ್ಟು ಎಂಬ ಲೆಕ್ಕವನ್ನು ನಾನು ಪ್ರತಿ ಜೂನ್‌ನಲ್ಲೂ ಕೊಡುತ್ತೇನೆ. ಕೆಲವರು ಅಂಶಕ್ಕೆ ಅಂಶ, ಛೇದಕ್ಕೆ ಛೇದ ಕೂಡಿ 2/7 ಎಂದು ಬರೆದು ನಿಲ್ಲುತ್ತಾರೆ. ಕೆಲವರು 7/12ರ ತನಕ ಸರಿಯಾಗಿ ಬಂದು, ಅದನ್ನು ಒಂದರಿಂದ ಕಳೆಯಬೇಕೆಂಬುದು ಹೊಳೆಯದೆ ಅಲ್ಲಿಗೇ ಬಿಡುತ್ತಾರೆ. ಇನ್ನು ಕೆಲವರ ಹಾಳೆ ಖಾಲಿ. ಆದರೆ ಅದೇ ಲೆಕ್ಕವನ್ನು ಪಕ್ಕದಲ್ಲಿ ಕೂತು ಗಟ್ಟಿಯಾಗಿ ಓದಿ, ‘ಹೊಲ 12 ಎಕರೆ ಐತಿ ಅಂದ್ಕೊ’ ಎಂದರೆ, ನಾಲ್ಕು, ಮೂರು, ಉಳಿದದ್ದು ಐದು ಎಂದು ಬಾಯಲ್ಲೇ ಹೇಳಿಬಿಡುತ್ತಾರೆ. ಅಂಕಪಟ್ಟಿಯಲ್ಲಿ ಇವರೆಲ್ಲರಿಗೂ ಸಿಗುವುದು ಒಂದೇ ಸೊನ್ನೆ. ಮೊದಲನೆಯವರಿಗೆ ಭಿನ್ನರಾಶಿಯನ್ನು ಕಾಗದ ಮಡಚಿ ಬುಡದಿಂದ ಕಲಿಸಬೇಕು, ಎರಡನೆಯವರಿಗೆ ಲೆಕ್ಕ ಕೇಳುತ್ತಿರುವುದೇನೆಂದು ಬಿಡಿಸಿ ಹೇಳಬೇಕು, ಮೂರನೆಯವರಿಗೆ ಬೇಕಾಗಿರುವುದು ಕನ್ನಡ ಓದು. ಸೇತುಬಂಧದ ಹೆಸರಿನಲ್ಲಿ ಎಲ್ಲರಿಗೂ ಒಂದೇ ಪಾಠ ಮಾಡಿದರೆ ಈ ಮೂವರಲ್ಲಿ ಇಬ್ಬರ ಸಮಯ ವ್ಯರ್ಥ.

ಆದ್ದರಿಂದ ನಮ್ಮಲ್ಲಿ ಜೂನ್ ಮುಗಿಯುವ ತನಕ ಮೊದಲ ಅವಧಿಯಲ್ಲಿ ಎಂಟು ಮತ್ತು ಒಂಬತ್ತನೇ ತರಗತಿಯ ಮಕ್ಕಳನ್ನು ಬೆರೆಸಿ, ಓದಿನ ಮಟ್ಟ ನೋಡಿ ಗುಂಪು ಮಾಡುತ್ತೇವೆ. ಪಕ್ಕದ ಪ್ರಾಥಮಿಕ ಶಾಲೆಯಿಂದ ತಂದ ಹಳೆಯ ಪಠ್ಯಪುಸ್ತಕಗಳನ್ನು ಗಣಿತ, ವಿಜ್ಞಾನದ ಶಿಕ್ಷಕರೂ ಕೂತು ಓದಿಸುತ್ತಾರೆ. ದೊಡ್ಡ ಮಕ್ಕಳಿಗೆ ನಾಲ್ಕನೇ ತರಗತಿಯ ಪುಸ್ತಕ ಹಿಡಿಯಲು ನಾಚಿಕೆ ಆಗುತ್ತದೆ. ರಟ್ಟಿಗೆ ಪತ್ರಿಕೆಯ ಹಾಳೆ ಸುತ್ತಿದರೆ ಆ ನಾಚಿಕೆ ಅರ್ಧ ಹೋಗುತ್ತದೆ.

ಶಾಲೆಗಳ ಬಹುಪಾಲು ಶಕ್ತಿ ಹತ್ತನೇ ತರಗತಿಯ ಉತ್ತರಾರ್ಧಕ್ಕೆ ಖರ್ಚಾಗುತ್ತಿರುವುದು ನನ್ನ ಮುಖ್ಯ ಆಕ್ಷೇಪ. ದಸರಾ ರಜೆ ಕಳೆದೊಡನೆ ವಿಶೇಷ ತರಗತಿ, ರಾತ್ರಿಯ ಗುಂಪು ಅಧ್ಯಯನ, ನಿಧಾನಗತಿಯ ಮಕ್ಕಳನ್ನು ಶಿಕ್ಷಕರಿಗೆ ದತ್ತು ಕೊಡುವುದು, ಆಮೇಲೆ ಪಾಸಿಂಗ್ ಪ್ಯಾಕೇಜ್. ಪ್ರಮೇಯ, ನಕ್ಷೆ, ರಚನೆಗಳನ್ನು ಬಾಯಿಪಾಠ ಮಾಡಿಸಿ 80 ಅಂಕದ ಪತ್ರಿಕೆಯಲ್ಲಿ ಮಗುವನ್ನು ದಡ ಸೇರಿಸುವ ಈ ವಿದ್ಯೆ ನಮಗೆಲ್ಲ ಕರಗತವಾಗಿದೆ. ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್, ಅಂದರೆ ಕ್ಯಾಮೆರಾದ ನೇರ ನಿಗಾ, ಬಂದ 2024ರಲ್ಲಿ ಎಸ್ಸೆಸ್ಸೆಲ್ಸಿ ಫಲಿತಾಂಶ ಹಿಂದಿನ ವರ್ಷದ ಶೇ 83.89ರಿಂದ ಶೇ 73.40ಕ್ಕೆ ಇಳಿಯಿತು, ಅದೂ ಕೃಪಾಂಕ ಹೆಚ್ಚಿಸಿದ ಮೇಲೆ. ಅದೇ ವರ್ಷ ಆರಂಭವಾದ ಮೂರು ಪರೀಕ್ಷೆಗಳ ಪದ್ಧತಿ ಮಕ್ಕಳಿಗೆ ಇನ್ನೆರಡು ಅವಕಾಶ ಕೊಟ್ಟಿತು, ಒಳ್ಳೆಯದೇ. ಆದರೆ ಪ್ರಶ್ನೆಯನ್ನು ಓದಲಾಗದ ಮಗು ಮೂರು ಸಲ ಕೂತರೂ ಆ ಪ್ರಶ್ನೆ ಹಾಗೇ ಇರುತ್ತದೆ.

ಜೂನ್ ತಿಂಗಳಿಗೆ ತನ್ನದೇ ತೊಡಕುಗಳೂ ಇವೆ. ಮಂಗಳೂರು, ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೋದವರ ಮಕ್ಕಳು ತಡವಾಗಿ ಬರುತ್ತಾರೆ, ಬಂದವರು ಬಿತ್ತನೆಗೆಂದು ನಾಲ್ಕು ದಿನ ಮತ್ತೆ ಮಾಯವಾಗುತ್ತಾರೆ. ವರ್ಗಾವಣೆ ಪತ್ರ, ಜಾತಿ ಮತ್ತು ಆದಾಯ ಪ್ರಮಾಣಪತ್ರಗಳ ಓಡಾಟ ಬೇರೆ. 2023ರಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಬಸ್ಸಿನ ಖರ್ಚು ತಪ್ಪಿದೆ. ಗಂಡುಮಕ್ಕಳಿಗೆ ಪಾಸ್ ಕೈಸೇರುವ ತನಕ ಟಿಕೆಟ್ಟಿನ ದುಡ್ಡಿಲ್ಲವೆಂಬುದೇ ಗೈರುಹಾಜರಿಗೆ ಕಾರಣ. ಇದಕ್ಕಾಗಿಯೇ ಸೇತುಬಂಧವನ್ನು ಒಮ್ಮೆ ಮುಗಿಸಿ ಕಡತ ಕಟ್ಟದೆ, ತಡವಾಗಿ ಬಂದವರಿಗೆ ಜುಲೈನಲ್ಲಿ ಇನ್ನೊಮ್ಮೆ ನಡೆಸುವುದು ಅನಿವಾರ್ಯ.

ಪೋಷಕರ ಸಭೆಗೆ ಜನ ಬರುವುದಿಲ್ಲವೆಂದು ದೂರುವವರು, ಸಭೆಯನ್ನು ಯಾವ ದಿನ ಇಟ್ಟಿದ್ದೆವೆಂದು ನೋಡಿಕೊಳ್ಳಬೇಕು. ನಮ್ಮ ಕಡೆ ಸೋಮವಾರ ಬಸವಣ್ಣನ ವಾರ, ಎತ್ತು ಹೂಡುವುದಿಲ್ಲ. ಸೋಮವಾರ ಸಂಜೆ ಕರೆದರೆ ತಂದೆಯರೂ ಬರುತ್ತಾರೆ. ‘ನಮಗ ಓದಾಕ ಬರಂಗಿಲ್ರಿ ಸರ್, ನಾವೇನು ಹೇಳಿಕೊಡೋಣ’ ಎಂದು ತಾಯಂದಿರು ಕೇಳುವುದುಂಟು. ಹೇಳಿಕೊಡುವುದು ಬೇಡ, ಟಿವಿ ಆರಿಸಿ ಹತ್ತು ನಿಮಿಷ ಗಟ್ಟಿಯಾಗಿ ಓದಿಸಿ, ಓದಿದ್ದೇನೆಂದು ಮಗುವನ್ನೇ ಕೇಳಿ ಎಂದಷ್ಟೇ ಅವರಿಗೆ ಹೇಳುತ್ತೇವೆ. ಮನೆಯಲ್ಲಿ ಓದಿದ ಪುಟದ ಸಂಖ್ಯೆಯನ್ನು ಮಗು ಮರುದಿನ ಮೊದಲ ಅವಧಿಯಲ್ಲಿ ತನ್ನ ಗುಂಪಿನ ಶಿಕ್ಷಕರಿಗೆ ಹೇಳಬೇಕು. ಶಿಕ್ಷಕರು ಆ ಪುಟದಿಂದಲೇ ನಾಲ್ಕು ಸಾಲು ಓದಿಸುತ್ತಾರೆ.