ಹಿಕ್ಕೆ ನಡೆದ ದಿನ

ನಾನು ಒಂಬತ್ತನೇ ಕ್ಲಾಸಿನಲ್ಲಿದ್ದೆ. ಮಾರ್ಚ್ ತಿಂಗಳ ಒಂದು ಭಾನುವಾರ ನಮ್ಮ ವಿಜ್ಞಾನದ ಮೇಷ್ಟ್ರು ಕೊಕ್ಕರೆ ಬೆಳ್ಳೂರಿಗೆ ಕರೆದುಕೊಂಡು ಹೋದರು. ಮದ್ದೂರು ದಾಟಿ ಹೆದ್ದಾರಿ ಬಿಟ್ಟ ಮೇಲೆ ಹೊಂಗೆ ಮರಗಳು ಚಿಗುರಿ ನಿಂತಿದ್ದವು. ದಾರಿಯದ್ದು ಅಷ್ಟೇ ನೆನಪು.

ಊರು ಕಾಣುವ ಮೊದಲೇ ಮೀನಿನ ವಾಸನೆ ಬಂತು. ಮನೆಗಳ ಪಕ್ಕದ ಹುಣಸೆ ಮರಗಳ ತುಂಬ ಗೂಡು. ಹೆಜ್ಜಾರ್ಲೆ (ಪೆಲಿಕನ್) ಮರಿಗಳು ಒಂದೇ ಸಮ ಕಿರುಚುತ್ತಿದ್ದವು. ಬಣ್ಣದ ಕೊಕ್ಕರೆಗಳು ಮಾತ್ರ ಸದ್ದಿಲ್ಲದೆ ಕೂತು, ಆಗಾಗ ಕೊಕ್ಕನ್ನು ಪಟಪಟ ಬಡಿಯುತ್ತಿದ್ದವು. ಬಾಲದ ಹತ್ತಿರ ಆ ತಿಳಿ ಗುಲಾಬಿ ಬಣ್ಣ! ಎಷ್ಟು ನೋಡಿದರೂ ಸಾಲದು.

ಜಗಲಿ ಮೇಲಿದ್ದ ಅಜ್ಜಿಯನ್ನು ಕೇಳಿದೆ: "ಈ ಮರದ ಹಣ್ಣು ಬಡಿಯಲ್ವಾ ಅಜ್ಜಿ?"

"ಮಗಳು ಬಾಣಂತನಕ್ಕೆ ಬಂದಿರುವಾಗ ಮರ ಬಡಿತಾರೇನಪ್ಪ?"

ಕೆಳಗೆ ಬಿದ್ದ ಮರಿಗಳನ್ನು ಊರಿನ ಹೆಜ್ಜಾರ್ಲೆ ಬಳಗದವರು ಸಾಕಿ ಬಿಡುತ್ತಾರೆ ಅಂತ ಮೇಷ್ಟ್ರು ಹೇಳಿದರು. ಆ ಹಕ್ಕಿಗಳ ಹಿಕ್ಕೆ ಅಲ್ಲಿನ ಹೊಲಗಳಿಗೆ ಗೊಬ್ಬರ.

ನಾವೆಲ್ಲ ಕತ್ತೆತ್ತಿ ನಿಂತಿದ್ದೆವು. ಮೇಷ್ಟ್ರು ಮಾತ್ರ ಅಜ್ಜಿಯ ಹಿತ್ತಲಿನ ಕರಿಬೇವಿನ ಗಿಡದ ಮುಂದೆ ಕೂತಿದ್ದರು. "ಇಲ್ಲಿ ಬನ್ನಿ. ಈ ಎಲೆ ಮೇಲೆ ಏನಿದೆ?"

"ಹಿಕ್ಕೆ ಸಾರ್." ಊರೆಲ್ಲ ಅದೇ ಇತ್ತಲ್ಲ.

"ಸುಮ್ನೆ ನೋಡ್ತಾ ಇರಿ."

ಸ್ವಲ್ಪ ಹೊತ್ತಾದ ಮೇಲೆ ಹಿಕ್ಕೆ ನಡೆಯಿತು!

ಅದು ನಿಂಬೆ ಚಿಟ್ಟೆಯ ಹುಳು. ಕಂದು ಮೈ, ನಡುವೆ ಬಿಳಿ ಪಟ್ಟೆ. ಹಕ್ಕಿಗಳಿಂದ ತಪ್ಪಿಸಿಕೊಳ್ಳಲು ಹಕ್ಕಿಯ ಹಿಕ್ಕೆಯ ವೇಷ. ಮೇಷ್ಟ್ರು ಕಡ್ಡಿಯಿಂದ ಮೆಲ್ಲಗೆ ಮುಟ್ಟಿದರು. ತಲೆಯ ಹಿಂದಿನಿಂದ ಕವಲಾದ ಕೊಂಬಿನಂಥದ್ದು ಚಾಚಿತು, ಒಂಥರಾ ಘಾಟು ವಾಸನೆ. ದೊಡ್ಡದಾದಾಗ ಎಲೆಯಂತೆ ಹಸಿರಾಗುತ್ತದೆ ಅಂದರು.

ಸೋಮವಾರ ನಮ್ಮ ಶಾಲೆಯ ಬೋರ್‌ವೆಲ್ ಪಕ್ಕದ ಕರಿಬೇವಿನಲ್ಲಿ ಹುಡುಕಿದೆವು. ಮೂರು ಸಿಕ್ಕವು. ವರ್ಷಗಟ್ಟಲೆ ಅದರ ಪಕ್ಕದಲ್ಲೇ ಕೈ ತೊಳೆದಿದ್ದೆವು! ಎರಡು ಹುಳು ಒಂದೊಂದಾಗಿ ಕಾಣೆಯಾದವು. ಉಳಿದ ಒಂದು ಹಸಿರಾಗಿ, ಕಾಂಡಕ್ಕೆ ಅಂಟಿ ಕೋಶ ಕಟ್ಟಿತು. ಒಂದು ಶನಿವಾರ ಬೆಳಗ್ಗೆ ಕೋಶ ಒಡೆಯಿತು. ಮೇಷ್ಟ್ರು ಪಾಠ ನಿಲ್ಲಿಸಿ ಎಲ್ಲರನ್ನೂ ಹೊರಗೆ ಕರೆದರು. ಮುದುಡಿದ ರೆಕ್ಕೆ ನಿಧಾನವಾಗಿ ಅರಳಿತು. ಕಪ್ಪು ಮೇಲೆ ಹಳದಿ ಚುಕ್ಕೆ, ಹಿಂದಿನ ರೆಕ್ಕೆಯಲ್ಲಿ ಒಂದು ಕೆಂಪು. ಅದು ಹಾರುವ ತನಕ ಯಾರೂ ಮಾತಾಡಲಿಲ್ಲ, ಮೇಷ್ಟ್ರೂ ಕೂಡ.

ಶಾಲೆಯ ಆ ಗಿಡ ಇನ್ನೂ ಇದೆಯೋ ಗೊತ್ತಿಲ್ಲ. ನಿಮ್ಮ ಹಿತ್ತಲಿನಲ್ಲಿ ಕರಿಬೇವು ಇದ್ದರೆ, ಒಗ್ಗರಣೆಗೆ ಎಲೆ ಕೀಳುವ ಮುಂಚೆ ಒಂದ್ಸಲ ನೋಡಿ.