ಟ್ಯಾಮ್ಲಿನ್ ಬಾಗಿಲು ಹಾಕಿದ ಮೇಲೆ

ನಿನ್ನೆ ರಾತ್ರಿ ಒಂದೂವರೆಗೆ ಪುಸ್ತಕ ಮುಗಿಸಿದೆ. ಆಮೇಲೆ ನಿದ್ದೆ ಬರಲಿಲ್ಲ. ಸಾರಾ ಜೆ. ಮಾಸ್ ಬರೆದ ‘ಎ ಕೋರ್ಟ್ ಆಫ್ ಮಿಸ್ಟ್ ಅಂಡ್ ಫ್ಯೂರಿ’. ಮಾಂತ್ರಿಕ ಲೋಕದ ಪ್ರೇಮಕಥೆಯೊಂದರ ಎರಡನೇ ಭಾಗ. ಬಂದದ್ದು 2016ರಲ್ಲಿ, ನನ್ನ ಕೈಗೆ ಸಿಕ್ಕಿದ್ದು ಈಗ. ಆರುನೂರು ಪುಟ ದಾಟುವ ದಪ್ಪ ಪುಸ್ತಕ. ಕಥೆ ಹೇಳದೆ ಇದರ ಬಗ್ಗೆ ಬರೆಯುವುದು ನನಗೆ ಸಾಧ್ಯವಿಲ್ಲ. ಓದಬೇಕು ಅಂದುಕೊಂಡಿರುವವರು ಇಲ್ಲೇ ನಿಲ್ಲಿಸಿ.

ಮೊದಲ ಭಾಗದ ಕೊನೆಗೆ ಎಲ್ಲ ಸರಿಹೋಗಿತ್ತು. ಕಥಾನಾಯಕಿ ಫೇರಾ ದುಷ್ಟ ರಾಣಿಯ ಬೆಟ್ಟದಡಿಯ ಅರಮನೆಯಲ್ಲಿ ಮೂರು ಪರೀಕ್ಷೆ ಎದುರಿಸಿ, ಸತ್ತು, ಆ ಲೋಕದ ಒಡೆಯರಾದ ಏಳು ಹೈ ಲಾರ್ಡ್‌ಗಳು ಕೊಟ್ಟ ಶಕ್ತಿಯಿಂದ ಮತ್ತೆ ಬದುಕಿದ್ದಳು. ಅವರಲ್ಲೊಬ್ಬನಾದ, ಅವಳು ಪ್ರೀತಿಸಿದ ಟ್ಯಾಮ್ಲಿನ್‌ನ ಶಾಪ ಕಳೆದಿತ್ತು. ಇನ್ನು ಮದುವೆ ಒಂದೇ ಬಾಕಿ. ನಮ್ಮಜ್ಜಿ ಹೇಳುತ್ತಿದ್ದ ಕಥೆಗಳೆಲ್ಲ ಇಲ್ಲಿಗೇ ಮುಗಿಯುತ್ತಿದ್ದವು. ಅವರು ಅಲ್ಲಿ ಸುಖವಾಗಿದ್ದಾರೆ, ನಾವು ಇಲ್ಲಿ ಸುಖವಾಗಿದ್ದೇವೆ.

ಎರಡನೇ ಭಾಗ ಶುರುವಾಗುವುದೇ ಅಲ್ಲಿಂದ. ಫೇರಾ ದಿನಾ ರಾತ್ರಿ ಕೆಟ್ಟ ಕನಸು ಬಿದ್ದು ಎದ್ದು ವಾಂತಿ ಮಾಡಿಕೊಳ್ಳುತ್ತಾಳೆ. ಪಕ್ಕದಲ್ಲಿ ಮಲಗಿದ ಟ್ಯಾಮ್ಲಿನ್ ಏಳುವುದಿಲ್ಲ. ಮದುವೆಯ ದಿನ ದಾರಿಯಲ್ಲಿ ಚೆಲ್ಲಿದ ಕೆಂಪು ಗುಲಾಬಿ ಎಸಳು ಅವಳ ಕಣ್ಣಿಗೆ ರಕ್ತದಂತೆ ಕಾಣುತ್ತವೆ. ಕಾಲು ಮುಂದೆ ಹೋಗುವುದೇ ಇಲ್ಲ. ಆಮೇಲೊಂದು ದಿನ ಟ್ಯಾಮ್ಲಿನ್ ಹೊರಗೆ ಹೋಗುವಾಗ ಇವಳು ದಾಟಲಾಗದ ಹಾಗೆ ಮನೆಯ ಸುತ್ತ ಮಂತ್ರದ ಬೇಲಿ ಹಾಕಿ ಹೋಗುತ್ತಾನೆ. ಅವಳ ರಕ್ಷಣೆಗೆ ಅಂತ. ಆ ಪುಟ ಓದುವಾಗ ನನಗೇ ಉಸಿರು ಕಟ್ಟಿತು. ಮೊದಲ ಭಾಗದಲ್ಲಿ ನಾನು ಮನಸಾರೆ ಮೆಚ್ಚಿದ ಹುಡುಗ ಅವನು. ಅವನು ಅಲ್ಲಿ ಬದಲಾಗಿಲ್ಲ, ಅದೇ ನೋವು. ಆಗ ಪ್ರೀತಿಯಾಗಿ ಕಂಡಿದ್ದೇ ಈಗ ಬೇಲಿಯಾಗಿದೆ.

ಫೇರಾ ಆಮೇಲೆ ಮನಸೋಲುವುದು ನೈಟ್ ಕೋರ್ಟ್ ಅನ್ನುವ ರಾಜ್ಯದ ಹೈ ಲಾರ್ಡ್ ರೀಸ್ಯಾಂಡ್‌ಗೆ. ಅವನು ಅವಳಿಗೆ ಮಾಡುವ ಮೊದಲ ಕೆಲಸ ಅಂದರೆ ಓದು ಕಲಿಸುವುದು. ಫೇರಾಗೆ ಓದಲು ಬರುವುದಿಲ್ಲ. ಬೆಟ್ಟದಡಿಯ ಎರಡನೇ ಪರೀಕ್ಷೆಯಲ್ಲಿ ಗೋಡೆ ಮೇಲಿನ ಬರಹ ಓದಲಾಗದೆ ಸಾಯುವುದರಲ್ಲಿದ್ದಳು. ರೀಸ್ಯಾಂಡ್ ತನ್ನನ್ನೇ ಹೊಗಳುವ ಸಾಲು ಬರೆದು ಕೊಟ್ಟು, ಅದನ್ನು ನಕಲು ಮಾಡು ಅನ್ನುತ್ತಾನೆ. ಅವಳಿಗೆ ಸಿಟ್ಟು ಬರುತ್ತದೆ. ಆದರೂ ಬರೆಯುತ್ತಾಳೆ.

ನಮ್ಮಜ್ಜಿಗೂ ಓದು ಬರುತ್ತಿರಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಬೋರ್ಡ್ ಓದಲು ಪಕ್ಕದವರನ್ನು ಕೇಳುವಾಗ, ‘ಕನ್ನಡಕ ಮನೇಲೇ ಮರೆತು ಬಂದೆ ಕಣಪ್ಪಾ’ ಅನ್ನುತ್ತಿದ್ದಳು. ಅವಳಿಗೆ ಕನ್ನಡಕವೇ ಇರಲಿಲ್ಲ. ನಾನು ಏಳನೇ ಕ್ಲಾಸಿನಲ್ಲಿದ್ದಾಗ ಹಳೆ ಕ್ಯಾಲೆಂಡರಿನ ಹಿಂಬದಿಯಲ್ಲಿ ಅವಳ ಹೆಸರು ಬರೆದುಕೊಟ್ಟೆ. ಕೊನೆಯ ‘ಮ್ಮ’ದ ಒತ್ತು ಬಂದ ಕೂಡಲೇ ಕೈ ನಿಲ್ಲುತ್ತಿತ್ತು. ಮೂರು ವಾರ ಹಿಡಿಯಿತು. ಆಮೇಲೆ ಬಾಗಿಲ ಹಿಂದೆ, ಅಕ್ಕಿ ಡಬ್ಬದ ಮೇಲೆ, ಎಲ್ಲೆಲ್ಲೂ ಸೀಮೆಸುಣ್ಣದಲ್ಲಿ ಅವಳ ಹೆಸರು. ಫೇರಾ ಪೆನ್ನು ಹಿಡಿದು ಕೂತ ಪುಟಗಳನ್ನು ಎರಡು ಸಲ ಓದಿದೆ. ಈ ಪುಸ್ತಕದಲ್ಲಿ ಚುಂಬನ ಜಾಸ್ತಿನೇ ಇದೆ. ನನಗೆ ಪ್ರೀತಿ ಕಂಡಿದ್ದು ಮಾತ್ರ ಇಲ್ಲಿ.

ಒಪ್ಪದ ವಿಷಯಗಳೂ ಇವೆ. ಬೆಟ್ಟದಡಿಯಲ್ಲಿ ರೀಸ್ಯಾಂಡ್ ಫೇರಾಗೆ ಅಮಲೇರಿಸುವ ವೈನ್ ಕುಡಿಸಿ ಎಲ್ಲರೆದುರು ಕುಣಿಸಿದ್ದ. ಅದಕ್ಕೆ ಇಲ್ಲಿ ಕಾರಣ ಹೇಳುತ್ತಾನೆ, ಕಾರಣ ಸರಿಯಾಗೇ ಇದೆ. ಆದರೂ ಫೇರಾ ಇನ್ನೊಂದಿಷ್ಟು ದಿನ ಸಿಟ್ಟಾಗಿರಬೇಕಿತ್ತು, ಅಲ್ವಾ? ಟ್ಯಾಮ್ಲಿನ್ ಕೊನೆಗೆ ಶತ್ರು ದೇಶ ಹೈಬರ್ನ್‌ನ ರಾಜನ ಜೊತೆ ಸೇರುವುದೂ ನನಗೆ ಹಿಡಿಸಲಿಲ್ಲ. ಅವನನ್ನು ಅಷ್ಟು ಕೆಟ್ಟವನನ್ನಾಗಿ ಮಾಡುವ ಅಗತ್ಯವೇ ಇರಲಿಲ್ಲ. ಒಳ್ಳೆಯವನೊಬ್ಬನನ್ನು ಬಿಟ್ಟು ಹೋಗುವುದಕ್ಕೂ ಹೆಣ್ಣಿಗೆ ಆ ಬೇಲಿಯೊಂದೇ ಸಾಕು.

ಕೊನೆಯ ಪುಟದಲ್ಲಿ ಫೇರಾ ಮತ್ತೆ ಅದೇ ಮನೆಗೆ ಬಂದು ನಿಂತಿದ್ದಾಳೆ. ಟ್ಯಾಮ್ಲಿನ್ ತನ್ನ ಹುಡುಗಿ ವಾಪಸ್ ಬಂದಳು ಅಂದುಕೊಂಡಿದ್ದಾನೆ. ಅವಳು ಈಗ ನೈಟ್ ಕೋರ್ಟಿನ ಹೈ ಲೇಡಿ, ರೀಸ್ಯಾಂಡ್‌ಗೆ ಸರಿಸಮನಾದ ಒಡತಿ ಅನ್ನುವುದು ಅವನಿಗೆ ಗೊತ್ತಿಲ್ಲ. ಈ ಸಲ ಒಳಗೆ ಹೋದವಳು ತಾನಾಗೇ ಹೋಗಿದ್ದಾಳೆ. ಮೂರನೇ ಭಾಗ ನನ್ನ ಗೆಳತಿಯ ಹತ್ತಿರ ಇದೆ. ಸಂಜೆ ಹೋಗಿ ತರಬೇಕು.