ದೂರಶಿಕ್ಷಣದಲ್ಲಿ ದುಡಿಯುವವರ ಬಿಡುವು

ನಾನು ಒಂದು ದೂರಶಿಕ್ಷಣ ಕಲಿಕಾ ಕೇಂದ್ರದಲ್ಲಿ ಪ್ರವೇಶ, ಅಸೈನ್‌ಮೆಂಟ್, ಪರೀಕ್ಷೆಯ ವಿಚಾರ ನೋಡಿಕೊಳ್ಳುತ್ತೇನೆ. ದಿನಾ ಕ್ಲಾಸ್ ಇರೋದಿಲ್ಲ, ಆರಾಮದ ಕೆಲಸ ಅಲ್ವಾ ಎಂದು ಕೇಳುವವರೇ ಜಾಸ್ತಿ.

ಕರೆಸ್ಪಾಂಡೆನ್ಸ್‌ನಲ್ಲಿ ಡಿಗ್ರಿ ಕಟ್ಟುವವರು ಯಾರು? ಗಾರ್ಮೆಂಟ್ಸ್‌ಗೆ ಹೋಗುವವರು, ಪೊಲೀಸ್ ಕಾನ್‌ಸ್ಟೇಬಲ್‌ಗಳು, ಅಂಗನವಾಡಿ ಕಾರ್ಯಕರ್ತೆಯರು. ಅವರಿಗೆ ಬಿಡುವು ಸಿಗುವುದು ರಾತ್ರಿ ಊಟ ಆದ ಮೇಲೆ, ಇಲ್ಲವೇ ಭಾನುವಾರ. ಆ ಹೊತ್ತಿಗೇ ನಮ್ಮ ಫೋನ್ ಬಡಿದುಕೊಳ್ಳುತ್ತದೆ. ಸಂಪರ್ಕ ತರಗತಿಗಳೂ ರಜೆಯ ದಿನಗಳಲ್ಲೇ. ಮೈಸೂರು ವಿಶ್ವವಿದ್ಯಾಲಯ 1969ರಲ್ಲಿ ಅಂಚೆ ಶಿಕ್ಷಣ ಶುರು ಮಾಡಿದ ಕಾಲದಲ್ಲಿ ಪ್ರಶ್ನೆ ಟಪಾಲಿನಲ್ಲಿ ಬರುತ್ತಿತ್ತು, ಉತ್ತರ ನಾಳೆ ಬರೆದರೂ ನಡೆಯುತ್ತಿತ್ತು. ಅದೇ ವ್ಯವಸ್ಥೆ ಬೆಳೆದು 1996ರಲ್ಲಿ ಮುಕ್ತ ವಿಶ್ವವಿದ್ಯಾನಿಲಯವಾಯಿತು. ಈಗ ಎಲ್ಲ ಕಡೆಯೂ ವಾಟ್ಸಾಪ್. ನೀಲಿ ಟಿಕ್ ಬಿದ್ದ ಮೇಲೆ ಸುಮ್ನೆ ಇರೋದು ಕಷ್ಟ.

ಜುಲೈ ಆವೃತ್ತಿಯ ಪ್ರವೇಶ ಮುಗಿಸಿ ಉಸಿರು ಬಿಡುವಷ್ಟರಲ್ಲಿ ಜನವರಿ ಆವೃತ್ತಿ. 2024ರಿಂದ ಡೆಬ್ ಐಡಿ, ಅಂದರೆ ಯುಜಿಸಿಯ ದೂರಶಿಕ್ಷಣ ಬ್ಯೂರೋದ ಪೋರ್ಟಲ್‌ನಲ್ಲಿ ವಿದ್ಯಾರ್ಥಿ ಪಡೆಯಬೇಕಾದ ಗುರುತಿನ ಸಂಖ್ಯೆ ಬೇರೆ ಕಡ್ಡಾಯ. ಆಧಾರ್‌ನಲ್ಲಿ ಒಂದು ಹೆಸರು, ಅಂಕಪಟ್ಟಿಯಲ್ಲಿ ಇನ್ನೊಂದು. ಓಟಿಪಿ ಹೋಗುವುದು ಎಂದೋ ಬಿಟ್ಟ ನಂಬರಿಗೆ. ಕೊನೆಯ ದಿನಾಂಕ ಹತ್ತಿರವಾದಂತೆ ಅವರ ಆತಂಕವೆಲ್ಲ ಸಿಟ್ಟಾಗಿ ನಮ್ಮ ಮೇಲೆ ಬೀಳುತ್ತದೆ. ಅದು ತಪ್ಪಲ್ಲ, ಒಂದು ವರ್ಷದ ಓದಿನ ಪ್ರಶ್ನೆ. ಆದರೆ ಕೇಳಿಸಿಕೊಳ್ಳುವವರಿಗೂ ತಲೆನೋವು, ನಿದ್ದೆಗೇಡು ಬರುತ್ತದೆ.

ಯೋಗದ ಕ್ಲಾಸ್ ಇಟ್ಟರು, ಒಳ್ಳೆಯದೇ. ನಿಜವಾಗಿ ಹಗುರವಾಗಿದ್ದು ಬೇರೆ ಎರಡು ವಿಷಯದಿಂದ. ಸ್ವಂತ ನಂಬರು ಕೊಡುವುದನ್ನು ನಿಲ್ಲಿಸಿ ಕೇಂದ್ರಕ್ಕೇ ಒಂದು ಫೋನ್ ಇಟ್ಟೆವು. ಸಂಜೆಯ ಪಾಳಿ ಸರದಿ ಪ್ರಕಾರ, ಪಾಳಿ ಮಾಡಿದವರು ಮರುದಿನ ತಡವಾಗಿ ಬರುತ್ತಾರೆ. ಭಾನುವಾರ ಬಂದವರಿಗೆ ವಾರದೊಳಗೇ ಒಂದು ದಿನ ರಜೆ. ಆ ದಿನ ಅವರಿಗೆ ಯಾರೂ ಕರೆ ಮಾಡುವಂತಿಲ್ಲ, ಮೇಲಿನವರೂ ಸೇರಿ.

ಇನ್ನೊಂದು ಕೊರಗು ನನಗೆ ತಡವಾಗಿ ಅರ್ಥವಾಯಿತು. ರೆಗ್ಯುಲರ್ ಕಾಲೇಜಿನಲ್ಲಿ ಮಕ್ಕಳು ಬೆಳೆಯುವುದು ಕಣ್ಣೆದುರೇ ಕಾಣುತ್ತದೆ. ನಮ್ಮಲ್ಲಿ ತೊಂದರೆಯಾದವರು ಮಾತ್ರ ಫೋನ್ ಮಾಡುತ್ತಾರೆ, ಪಾಸಾದವರು ಸದ್ದಿಲ್ಲದೆ ಹೋಗುತ್ತಾರೆ. ಈಗ ಫಲಿತಾಂಶ ಬಂದ ಮೇಲೆ ನಾವೇ ಕೆಲವರಿಗೆ ಕರೆ ಮಾಡುತ್ತೇವೆ. ಒಬ್ಬ ಅಂಗನವಾಡಿ ಅಕ್ಕ ಡಿಗ್ರಿ ಮುಗಿಸಿದ ಸುದ್ದಿ ಕೇಳಿದ ದಿನ ಇಡೀ ಆಫೀಸಿಗೆ ಹುರುಪು ಬಂದಿತ್ತು.

ಬಗೆಹರಿಯದೆ ಉಳಿದಿರುವುದು ಅತಿಥಿ ಉಪನ್ಯಾಸಕರದ್ದು. ತರಗತಿಗೆ ಇಷ್ಟು ಎಂದು ಸಂಭಾವನೆ, ಫೋನಿನಲ್ಲಿ ಪಾಠ ಬಿಡಿಸಿ ಹೇಳಿದ್ದಕ್ಕೆ ಲೆಕ್ಕವೇ ಇಲ್ಲ. ಅದನ್ನೂ ಕೆಲಸದ ಗಂಟೆಗೆ ಸೇರಿಸಿ ಎಂದು ಬರೆದು ಕೊಟ್ಟಿದ್ದೇವೆ.